ಸೀಸದ ಮೇಲೊಂದು ಮೊರೆ

ಜಗದ್ಗುರುಗಳ ಘನ ಶಾಸನಪತ್ರಕ್ಕೆ ‘ಬುಲ್ಲಾ’ ಎಂಬ ಹೆಸರು ಬಂದುದು ಅದರ ದಾರದಲ್ಲಿ ತೂಗುತ್ತಿದ್ದ ಸೀಸದ ಮುದ್ರೆಯಿಂದ. ಸಂತ ಪೇತ್ರ ಮತ್ತು ಸಂತ ಪೌಲರ ಶಿರಗಳುಳ್ಳ ಆ ಮುದ್ರೆಯ ಚಿತ್ರವನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಪೂರ್ವದ ಬೈಜಾಂಟಿಯಂ ಸಾಮ್ರಾಜ್ಯದಲ್ಲಿ ಧರ್ಮಾಧ್ಯಕ್ಷರು, ಸೇನಾನಿಗಳು, ಸುಂಕದ ಅಧಿಕಾರಿಗಳು ಕೂಡ ತಮ್ಮ ಪತ್ರಗಳಿಗೆ ಇಂಥದೇ ಮುದ್ರೆ ಹಾಕುತ್ತಿದ್ದರು. ದಾರ ಪೋಣಿಸಿದ ಸೀಸದ ಬಿಲ್ಲೆಯನ್ನು ಇಕ್ಕಳದಂಥ ಕಬ್ಬಿಣದ ಅಚ್ಚಿನ ನಡುವೆ ಇರಿಸಿ ಸುತ್ತಿಗೆಯಿಂದ ಹೊಡೆದರೆ ಎರಡೂ ಮುಖಗಳಲ್ಲಿ ಬರಹ ಮೂಡುತ್ತಿತ್ತು. ಪತ್ರಗಳು ಬಹುಪಾಲು ಅಳಿದುಹೋದವು, ಸೀಸ ಉಳಿಯಿತು. ವಾಷಿಂಗ್ಟನ್ನಿನ ಡಂಬಾರ್ಟನ್ ಓಕ್ಸ್ ಸಂಸ್ಥೆಯೊಂದರಲ್ಲೇ ಸುಮಾರು 17,000 ಮುದ್ರೆಗಳಿವೆ.

ಈ ಮುದ್ರೆಗಳಲ್ಲಿ ಅನೇಕವು ಪ್ರಾರ್ಥನೆಯಿಂದ ಆರಂಭವಾಗುತ್ತವೆ: ‘ಪ್ರಭುವೇ, ನಿನ್ನ ದಾಸನಿಗೆ ನೆರವಾಗು’, ಅಥವಾ ‘ದೇವಮಾತೆಯೇ, ನೆರವಾಗು’. ಹೆಸರೂ ಹುದ್ದೆಯೂ ಆಮೇಲೆ. ಇತಿಹಾಸಾಸಕ್ತರಿಗೆ ಹುದ್ದೆಯ ಮೇಲೆಯೇ ಕಣ್ಣು. ಪ್ರಾರ್ಥನೆಯನ್ನು ವಾಡಿಕೆಯ ಮಾತೆಂದು ಬದಿಗೆ ಸರಿಸುವ ಮನಸ್ಸಾಗುವುದು ಸಹಜ. ಇದು ಸರಿಯಲ್ಲವೆಂದು ನನ್ನ ನಮ್ರ ಅಭಿಪ್ರಾಯ. ಭಕ್ತಿಯ ಮಾತು ಹಾಗಿರಲಿ, ಓದಿನ ಬೀಗದ ಕೈ ಇರುವುದೇ ಅಲ್ಲಿ.

ಗ್ರೀಕಿನಲ್ಲಿ ನೆರವು ಬೇಡುವ ಕ್ರಿಯಾಪದಕ್ಕೆ ಚತುರ್ಥೀ ವಿಭಕ್ತಿ ಬೇಕು, ನಮ್ಮ ‘ದಾಸನಿಗೆ’ ಎಂಬಂತೆ. ಆದುದರಿಂದ ಲೆಯೋನ್ ಎಂಬ ಹೆಸರು ಮೊರೆಯಲ್ಲಿ ‘ಲೆಯೋಂತಿ’ ಎಂದಾಗುತ್ತದೆ. ಬರಿಯ ಒಡೆತನ ಸೂಚಿಸುವ ಮುದ್ರೆಯಾದರೆ ‘ಲೆಯೋಂತೋಸ್’. ಪದಗಳ ನಡುವೆ ತೆರಪಿಲ್ಲದೆ, ಅರ್ಧಕ್ಕೇ ಮೊಟಕಾಗಿ ಬರುವ ಆ ಬರಹದಲ್ಲಿ ಹೆಸರು ಎಲ್ಲಿ ಮುಗಿಯಿತೆಂದು ತಿಳಿಸುವುದು ಇಂಥ ಪ್ರತ್ಯಯವೇ. ಕೆಲವು ಮುದ್ರೆಗಳಲ್ಲಿ ಇಡೀ ಮೊರೆಯ ಅಕ್ಷರಗಳನ್ನು ಶಿಲುಬೆಯೊಂದರ ತುದಿಗಳಿಗೆ ಹೆಣೆದು, ‘ನಿನ್ನ ದಾಸನಿಗೆ’ ಎಂಬುದನ್ನು ನಾಲ್ಕು ಮೂಲೆಗಳಲ್ಲಿ ‘ತೋ, ಸೋ, ದೂ, ಲೋ’ ಎಂದು ಹಂಚಿರುತ್ತಾರೆ. ಅದನ್ನು ಬಲ್ಲವನಿಗೆ ಒಂದು ಮೂಲೆ ಸವೆದಿದ್ದರೂ ತೊಡಕಿಲ್ಲ.

ಹೆಸರಿನ ವಿಷಯ ಹಾಗಲ್ಲ. ಅಚ್ಚು ಓರೆಯಾಗಿ ಬಿದ್ದು ಮೂರು ಅಕ್ಷರ ಅಂಚಿನಾಚೆ ಹೋದರೆ, ಗ್ರಂಥಗಳಲ್ಲಿ ಸಿಗುವ ಯಾರೋ ಪ್ರಸಿದ್ಧ ಸೇನಾಪತಿಯನ್ನು ಅಲ್ಲಿ ಕೂರಿಸುವ ಆಸೆ ಹುಟ್ಟುತ್ತದೆ. ಪ್ರಾರ್ಥನೆ ಎಲ್ಲರದೂ ಒಂದೇ ಆದುದರಿಂದ ಅದನ್ನು ತುಂಬಿಸಿ ಓದಬಹುದು. ಬೇಡಿದವನು ಮಾತ್ರ ಒಬ್ಬನೇ. ಬಹುಶಃ ಯಾವ ಚರಿತ್ರೆಯೂ ನೆನೆಯದ ಗುಮಾಸ್ತನೊಬ್ಬನ ಏಕೈಕ ಗುರುತು ಅದು. ಅವನ ಸ್ಥಳದಲ್ಲಿ ಬೇರೊಬ್ಬನನ್ನು ಬರೆಯುವುದಕ್ಕಿಂತ ಆವರಣ ಚಿಹ್ನೆಯೊಳಗೆ ಮೂರು ಚುಕ್ಕೆ ಇಟ್ಟು ಬಿಡುವುದೇ ಲೇಸು.