ಕದ್ದು ಕೇಳುವ ಕಿವಿಗೆ ಕಾವಲು ಯಾರು?



ಮುಧೋಳ ತಾಲೂಕಿನ ಒಬ್ಬ ರೈತ ಕಬ್ಬಿನ ಹೊಲದ ಬದುವಿನ ಮೇಲೆ ನಿಂತು, ಕಟಾವಿನ ಗ್ಯಾಂಗಿನವನಿಗೆ ಫೋನಿನಲ್ಲಿ ಹೀಗೆ ಅಂದನೆಂದು ಇಟ್ಟುಕೊಳ್ಳಿ: "ನಾಳೆ ಹೊತ್ತ ಏರೂದ್ರಾಗ ಎಲ್ಲಾ ಕಡದ ಹಾಕ್ರಿ, ಒಂದೂ ಉಳೀಬಾರ್ದು." ಬನಹಟ್ಟಿಯ ನೇಕಾರನೊಬ್ಬ ಮಗ್ಗದ ಮೇಲಿರುವ ಸೀರೆಯ ಬಗ್ಗೆ, "ಸಾವ್ಕಾರಂದು ಇವತ್ತ ರಾತ್ರಿ ಮುಗಿಸಿಬಿಡತೀನಿ" ಅಂದನೆಂದು ಇಟ್ಟುಕೊಳ್ಳಿ. ನಮಗೆ, ನಿಮಗೆ ಇದರಲ್ಲಿ ಗುಟ್ಟೇನೂ ಇಲ್ಲ. ಆದರೆ ಕಬ್ಬಿನ ಬೆಲೆಗಾಗಿ ಚಳವಳಿ ಎದ್ದ ವಾರದಲ್ಲಿ, ಈ ಸೀಮೆಯ ಮಾತು ಗೊತ್ತಿಲ್ಲದವನೊಬ್ಬ ಎಲ್ಲೋ ಕುಳಿತು ಇದನ್ನು ಕದ್ದು ಕೇಳಿ ಇಂಗ್ಲಿಷಿಗೆ ಇಳಿಸಿದರೆ? ಕಬ್ಬೂ ಸೀರೆಯೂ ಬಿಟ್ಟುಹೋಗಿ, ಕಡಿಯುವುದು ಮುಗಿಸುವುದು ಮಾತ್ರ ಕಾಗದದ ಮೇಲೆ ಉಳಿದರೆ?

ಇದು ಕಲ್ಪನೆ, ಒಪ್ಪುತ್ತೇವೆ. ಕದ್ದಾಲಿಕೆ ಮಾತ್ರ ಕಲ್ಪನೆಯಲ್ಲ. ಈ ನಾಡಿನಲ್ಲಿ ಒಬ್ಬ ಮುಖ್ಯಮಂತ್ರಿಯ ಕುರ್ಚಿಯನ್ನೇ ಅದು ಉರುಳಿಸಿದೆ. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ಫೋನ್ ಕದ್ದಾಲಿಕೆಯ ಹಗರಣದ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅದೇ ಹೆಗಡೆಯವರು 1991ರಲ್ಲಿ ಲೋಕಸಭೆಗೆ ಸ್ಪರ್ಧಿಸಿದ್ದು ನಮ್ಮ ಬಾಗಲಕೋಟೆ ಕ್ಷೇತ್ರದಿಂದ. ಜಮಖಂಡಿಯ ಸಿದ್ದು ನ್ಯಾಮಗೌಡರ ಎದುರು ಸೋತರು. ಫೋನಿನ ಕಾರಣಕ್ಕೆ ನಮ್ಮವರು ಹೆಗಡೆಯವರನ್ನು ಸೋಲಿಸಿದರು ಎಂದು ಬರೆದರೆ ಸುಳ್ಳಾದೀತು. ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ರೈತರೇ ದುಡ್ಡು ಹಾಕಿ, ಮೈ ಬಗ್ಗಿಸಿ ಬ್ಯಾರೇಜು ಕಟ್ಟಿ ಇನ್ನೂ ಎರಡು ವರ್ಷವಾಗಿತ್ತು. ಜನ ನೀರು ನೋಡಿ ಮತ ಹಾಕಿದರು. ಆದರೂ ಹೆಗಡೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಕುರ್ಚಿ ಬಿಟ್ಟಾದರೂ ಇಳಿದರು. ಆಮೇಲೆ ಈ ಕಾರಣಕ್ಕೆ ನಮ್ಮಲ್ಲಿ ಇಳಿದವರು ಯಾರು?

2019ರಲ್ಲಿ ಕುಮಾರಸ್ವಾಮಿಯವರ ಮೈತ್ರಿ ಸರಕಾರ ಬಿದ್ದ ಮೇಲೆ, ಅವರ ಕಾಲದಲ್ಲಿ ಫೋನು ಕದ್ದು ಕೇಳಲಾಗಿತ್ತೆಂಬ ಆರೋಪ ಎದ್ದಿತು. ಅವರು ಅಲ್ಲಗಳೆದರು. ಯಡಿಯೂರಪ್ಪನವರ ಸರಕಾರ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. 2021ರಲ್ಲಿ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶದ ಸುದ್ದಿ ಹೊರಬಿದ್ದಾಗ, ಅದೇ ಕುಮಾರಸ್ವಾಮಿಯವರ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ನಂಬರುಗಳು ಗುರಿಯ ಪಟ್ಟಿಯಲ್ಲಿದ್ದವೆಂದು ಪತ್ರಿಕೆಗಳು ವರದಿ ಮಾಡಿದವು. ವಿಧಾನಸೌಧದ ದೊಡ್ಡವರ ಬಾಗಿಲಿಗೇ ಕಿವಿ ಹಚ್ಚಿದ್ದಾರೆಂಬ ಮಾತು ಎದ್ದಿರುವಾಗ ಬೀಳಗಿಯ ಬಡವನ ಬಾಗಿಲಿಗೆ ಅಗಳಿ ಎಲ್ಲಿಯದು?

ಹಾಗಾದರೆ ಕಳ್ಳರನ್ನು, ಭಯೋತ್ಪಾದಕರನ್ನು, ಮಕ್ಕಳನ್ನು ಅಪಹರಿಸುವವರನ್ನು ಪೋಲೀಸರು ಹಿಡಿಯುವುದು ಬೇಡವೇ ಎಂದು ನೀವು ಕೇಳಬಹುದು. ಹಿಡಿಯಲಿ. ಬೇಕಾದ ಕಡೆ ಫೋನನ್ನೂ ಕೇಳಲಿ. ಮುಧೋಳದ ನಾಯಿ ಹೊಲ ಕಾಯುತ್ತದೆಂದು ನಾವು ಅದನ್ನು ಸಾಕುತ್ತೇವೆ. ಸಾಕಿದವನ ಮೇಲೇ ಎರಗಿದರೆ ಸುಮ್ಮನಿರುತ್ತೇವೆಯೆ? ಹಗ್ಗ ಯಾರ ಕೈಯಲ್ಲಿದೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಹಗ್ಗದ ಕಥೆ ಕೇಳಿ. 1857ರಲ್ಲಿ ಹತಾರ ಒಪ್ಪಿಸಿರೆಂಬ ಬ್ರಿಟಿಷರ ಹುಕುಮಿಗೆ ಎದುರು ನಿಂತು ಹಲಗಲಿಯ ಬೇಡರು ಗಲ್ಲಿಗೇರಿದ ನೆಲ ನಮ್ಮದು. ಅದಾಗಿ 28 ವರ್ಷಕ್ಕೆ, 1885ರಲ್ಲಿ, ಅದೇ ಬ್ರಿಟಿಷರು ತಂತಿ ಕಾಯ್ದೆ ಮಾಡಿದರು. ಅದರ 5ನೇ ಕಲಮು ಹಿಡಿದುಕೊಂಡೇ ಸ್ವತಂತ್ರ ಭಾರತದ ಸರಕಾರಗಳೂ ದಶಕಗಟ್ಟಲೆ ನಮ್ಮ ಮಾತು ಕೇಳಿದವು. 1996ರ ಡಿಸೆಂಬರ್ 18ರಂದು ಪಿಯುಸಿಎಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಮೊದಲ ಸಲ ಮೂಗುದಾರ ಹಾಕಿತು: ಗೃಹ ಕಾರ್ಯದರ್ಶಿಯೇ ಆದೇಶಿಸಬೇಕು, ಆದೇಶ ಎರಡು ತಿಂಗಳು ಮಾತ್ರ, ಎಷ್ಟು ಮುಂದುವರಿಸಿದರೂ ಆರು ತಿಂಗಳು ಮೀರಕೂಡದು, ಪರಿಶೀಲನಾ ಸಮಿತಿ ಇರಬೇಕು. ಆದರೆ ಮೊದಲೇ ನ್ಯಾಯಾಧೀಶರ ಅಪ್ಪಣೆ ಬೇಕೆಂಬ ಬೇಡಿಕೆಯನ್ನು ಕೋರ್ಟು ಒಪ್ಪಲಿಲ್ಲ. ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಕ್ಕೊರಲಿನಿಂದ ಸಾರಿತು. ಈಗ ತಂತಿ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, 2024ರ ಡಿಸೆಂಬರಿನಲ್ಲಿ ಹೊಸ ನಿಯಮಗಳೂ ಬಂದಿವೆ. ಬಟ್ಟೆ ಹೊಸದು, ಮೈ ಹಳೆಯದೇ.

ಹೇಗೆಂದರೆ, ರಾಜ್ಯದಲ್ಲಿ ಕದ್ದು ಕೇಳಲು ಆದೇಶ ಕೊಡುವವರು ಗೃಹ ಕಾರ್ಯದರ್ಶಿ. ಅದು ಸರಿಯೋ ತಪ್ಪೋ ನೋಡುವ ಸಮಿತಿಯಲ್ಲಿರುವವರು ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಇನ್ನೊಬ್ಬ ಕಾರ್ಯದರ್ಶಿ. ಎಲ್ಲರೂ ಒಂದೇ ಸರಕಾರದ ಸಂಬಳದವರು, ಒಂದೇ ಕಟ್ಟಡದವರು! ದಿಲ್ಲಿಯ ಕಥೆ ಇನ್ನೂ ಚೆಂದ. ತಿಂಗಳಿಗೆ ಸರಾಸರಿ 7,500ರಿಂದ 9,000 ಫೋನ್ ಕದ್ದಾಲಿಕೆ ಆದೇಶ ಹೊರಡಿಸುತ್ತೇವೆಂದು 2013ರಲ್ಲಿ ಕೇಂದ್ರ ಗೃಹ ಸಚಿವಾಲಯವೇ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಕೊಟ್ಟಿತ್ತು. ಎರಡು ತಿಂಗಳಿಗೊಮ್ಮೆ ಸೇರುವ ಸಮಿತಿ ಒಂದೊಂದು ಸಭೆಯಲ್ಲಿ 15,000ದಿಂದ 18,000 ಆದೇಶ ನೋಡಬೇಕಾದ ಸ್ಥಿತಿಯಿದೆ ಎಂದು 2018ರಲ್ಲಿ ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿ ಬರೆಯಿತು. ನೀವೇ ಲೆಕ್ಕ ಹಾಕಿ. ಊಟ ಬಿಟ್ಟು ಎಂಟು ತಾಸು ಕುಳಿತರೂ ಒಂದು ಆದೇಶಕ್ಕೆ ಎರಡು ಸೆಕೆಂಡು ಸಿಗುವುದಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ನಮ್ಮ ತಾಯಂದಿರು ಇದಕ್ಕಿಂತ ಹೆಚ್ಚು ಹೊತ್ತು ನೋಡುತ್ತಾರೆ.

ನಾವು ಯಾರ ಕಾಯ್ದೆಯ ನೆರಳಿನಲ್ಲಿ ಬೆಳೆದೆವೋ ಆ ಬ್ರಿಟನ್ನೇ 2016ರಲ್ಲಿ ದಾರಿ ಬದಲಿಸಿತು. ಅಲ್ಲಿ ಮಂತ್ರಿ ಸಹಿ ಹಾಕಿದರೂ ನ್ಯಾಯಾಂಗದ ಆಯುಕ್ತರೊಬ್ಬರು ಒಪ್ಪಬೇಕು. ಅಮೆರಿಕ ದೇವಲೋಕವೇನಲ್ಲ, ಆದರೂ ಅಲ್ಲಿ ಅಪರಾಧದ ತನಿಖೆಗೆ ಫೋನು ಕೇಳಲು 1968ರಿಂದಲೂ ನ್ಯಾಯಾಧೀಶರ ಆದೇಶ ಬೇಕು, ಮುಗಿದ ಮೇಲೆ ಆ ಮನುಷ್ಯನಿಗೆ ತಿಳಿಸಬೇಕು, ವರ್ಷವರ್ಷವೂ ಲೆಕ್ಕ ಅಚ್ಚಾಗಬೇಕು. ನಮ್ಮಲ್ಲಿ? ನಿಮ್ಮ ಫೋನನ್ನು ಆರು ತಿಂಗಳು ಕೇಳಿ, ಏನೂ ಸಿಗದೆ ಬಿಟ್ಟರೂ, ನೀವು ಸಾಯುವವರೆಗೆ ಅದು ನಿಮಗೆ ಗೊತ್ತಾಗುವುದಿಲ್ಲ. ಗೊತ್ತಾಗದವನು ಕೋರ್ಟಿಗೆ ಹೋಗುವುದು ಹೇಗೆ? ಕೇಸು ಬಿದ್ದು, ಅದರಲ್ಲಿ ಧ್ವನಿಮುದ್ರಿಕೆ ಹೊರಬಂದವರು ಮಾತ್ರ ಹೋಗಬಲ್ಲರು. ಹಾಗೆ ಹೋದ ಒಬ್ಬರಿಗೆ 2019ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ನ್ಯಾಯ ಸಿಕ್ಕಿತು. ಲಂಚದ ಮೊಕದ್ದಮೆಯಲ್ಲಿ ಕದ್ದಾಲಿಕೆಯ ಆದೇಶಗಳನ್ನೇ ಕೋರ್ಟು ರದ್ದು ಮಾಡಿ, ಮುದ್ರಿಸಿಕೊಂಡದ್ದನ್ನು ನಾಶಮಾಡಿ ಎಂದಿತು.

ಭಾಷೆಯ ಪತ್ರಿಕೆಗೆ ಇದೆಲ್ಲ ಯಾಕೆ ಎಂದು ಹುಬ್ಬೇರಿಸುವವರಿಗೂ ಉತ್ತರವಿದೆ. ಈ ಹೊಸ ಕಾಯ್ದೆ, ನಿಯಮಗಳು ಕೇಂದ್ರದ ಗೆಜೆಟ್ಟಿನಲ್ಲಿ ಬಂದದ್ದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಕದ್ದು ಕೇಳುವಾಗ ನಮ್ಮ ಕನ್ನಡ ಬೇಕು. ಯಾವ ಕಾಯ್ದೆಯಡಿ ಕೇಳುತ್ತೇವೆಂದು ಹೇಳುವಾಗ ಕನ್ನಡ ಬೇಡ! ರಬಕವಿಯ ನೇಕಾರ ತನ್ನ ಮಾತಿನ ಮೇಲೆ ಸರಕಾರಕ್ಕೆ ಎಷ್ಟು ಹಕ್ಕಿದೆ ಎಂದು ಓದಿ ತಿಳಿಯಬೇಕಾದರೆ ಮೊದಲು ಇಂಗ್ಲಿಷೋ ಹಿಂದಿಯೋ ಕಲಿಯಬೇಕೆ? ಇನ್ನು, ಕೋರ್ಟಿಗೆ ಹೋಗುವ ಧ್ವನಿಮುದ್ರಿಕೆಯ ಬರಹ ಆಡಿದ ಮಾತಿನಲ್ಲೇ, ಆಡಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಇರಬೇಕು. ಅನುವಾದ ಬೇಕಿದ್ದರೆ ಪಕ್ಕದಲ್ಲಿರಲಿ. "ಕಡದ ಹಾಕ್ರಿ" ಎಂದರೇನೆಂದು ಜಮಖಂಡಿಯ ವಕೀಲನಿಗೆ ಗೊತ್ತು, ಮುಧೋಳದ ಗುಮಾಸ್ತನಿಗೆ ಗೊತ್ತು. ಅವರ ಕಣ್ಣಿಗೆ ಮೂಲ ಮಾತು ಬೀಳಬೇಕು.

ಈಗ ನಿಮ್ಮ ಪಾಲಿನ ಕೆಲಸ. ಮಾಹಿತಿ ಹಕ್ಕಿನ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಕಾಯ್ದೆಯೇ ಹಾಗೆ ಹೇಳುತ್ತದೆ. ಹತ್ತು ರೂಪಾಯಿ ಶುಲ್ಕ. ಬೆಂಗಳೂರಿನ ಗೃಹ ಇಲಾಖೆಗೆ ಮೂರೇ ಪ್ರಶ್ನೆ ಕೇಳಿ: ಕಳೆದ ವರ್ಷ ರಾಜ್ಯದಲ್ಲಿ ಎಷ್ಟು ಕದ್ದಾಲಿಕೆ ಆದೇಶ ಹೊರಟವು, ಪರಿಶೀಲನಾ ಸಮಿತಿ ಎಷ್ಟು ಸಲ ಸೇರಿತು, ಎಷ್ಟು ಆದೇಶಗಳನ್ನು ತಪ್ಪೆಂದು ರದ್ದು ಮಾಡಿತು. ಯಾರ ಹೆಸರೂ ಬೇಡ, ಯಾವ ನಂಬರೂ ಬೇಡ, ಬರೀ ಲೆಕ್ಕ. ಬೆಳಗಾವಿಯ ಅಧಿವೇಶನದಲ್ಲಿ ಇದನ್ನೇ ಕೇಳಿರೆಂದು ನಿಮ್ಮ ನಿಮ್ಮ ಶಾಸಕರಿಗೂ ಒಂದು ಕಾರ್ಡು ಹಾಕಿ. ಉತ್ತರ ಬಂದರೆ ನಮಗೊಂದು ಪ್ರತಿ ಕಳಿಸಿ, ಅಚ್ಚು ಹಾಕುತ್ತೇವೆ. ಬಾರದಿದ್ದರೆ ಎಷ್ಟು ಅರ್ಜಿಗೆ ಉತ್ತರ ಬರಲಿಲ್ಲ ಎಂಬುದನ್ನು ಊರುವಾರು ಅಚ್ಚು ಹಾಕುತ್ತೇವೆ.