ಬೇಟೆನಾಯಿಯ ತಳಿ ಕಾಯುವವನ ಪಾಡು

ಮುಧೋಳ ನಾಯಿಯ ಹೆಸರು ಈಗ ದೇಶದ ತುಂಬ ಹಬ್ಬಿದೆ. 2005ರಲ್ಲಿ ಅಂಚೆ ಇಲಾಖೆಯವರು ಅದರ ಚಿತ್ರದ ಚೀಟಿ ಹೊರಡಿಸಿದರು. 2016ರಲ್ಲಿ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್ತಿಗೆ ಹೋದವು. 2020ರಲ್ಲಿ ಪ್ರಧಾನಮಂತ್ರಿಗಳು ಬಾನುಲಿಯಲ್ಲಿ ಈ ತಳಿಯ ಹೆಸರೆತ್ತಿ ಹೊಗಳಿದರು. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ನಾಯಿಯನ್ನು ಹೊಗಳುವ ಮಂದಿ ಅದರ ತಳಿಯನ್ನು ಕಾಯ್ದುಕೊಂಡು ಬಂದ ಒಕ್ಕಲಿಗನನ್ನೂ ಕುರಿಗಾರನನ್ನೂ ನೆನೆಯುವದು ಕಡಿಮೆ.

ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ ಘೋರ್ಪಡೆಯವರು ಈ ತಳಿಗೆ ಆಶ್ರಯ ಕೊಟ್ಟದ್ದನ್ನೂ, ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆಯಿತ್ತದ್ದನ್ನೂ ಎಲ್ಲರೂ ಬಲ್ಲರು. 1948ರಲ್ಲಿ ಸಂಸ್ಥಾನ ವಿಲೀನವಾಗಿ ಅರಮನೆಯ ಆಸರೆ ತಪ್ಪಿತು. 1972ರ ವನ್ಯಜೀವಿ ಕಾಯಿದೆಯಿಂದ ಮೊಲದ ಬೇಟೆ ಅಪರಾಧವಾಯಿತು. ಅದೇ ವರ್ಷ ಸೋಲಾಪುರ, ಜತ್ತ ಸೀಮೆಯಲ್ಲಿ ಎಂಥ ಬರವಿತ್ತೆಂಬುದನ್ನು ಹಿರಿಯರನ್ನು ಕೇಳಿರಿ. ದನಗಳಿಗೇ ಮೇವಿಲ್ಲದಾಗ ಕೆಲಸವಿಲ್ಲದ ನಾಯಿಗೆ ರೊಟ್ಟಿ ಹಾಕಿದವರು ಅರಸರಲ್ಲ, ಬಡವರು.

ಈ ಉದ್ಯೋಗದ ಕಷ್ಟ ಹೊರಗಿನವರಿಗೆ ತಿಳಿಯುವದಿಲ್ಲ. ಹೆಣ್ಣುನಾಯಿ ಮೊದಲ ಸಲ ಬೆದೆಗೆ ಬಂದೊಡನೆ ಕೂಡಿಸದೆ ಅದರ ಮೈ ಬಲಿಯುವ ತನಕ ಕಾಯಬೇಕು. ಒಂದು ಸೂಲು ಮುಗಿದ ಮೇಲೆ ವರ್ಷವಾದರೂ ಬಿಡುವು ಕೊಡಬೇಕು. ಗಂಡು ಮನೆಯಲ್ಲಿಯೇ ಇದ್ದರೂ ಅದು ಒಡಹುಟ್ಟಿದ್ದಾದರೆ ಉಪಯೋಗವಿಲ್ಲ. ಬೇರೆ ಊರಿನ ಬೇರೆ ಬಳ್ಳಿಯ ಗಂಡನ್ನು ಹುಡುಕಿಕೊಂಡು ತಿರುಗಬೇಕು. ಸುಮಾರು 63 ದಿನಕ್ಕೆ ಮರಿ ಹಾಕುವದು. ಆ ದಿನ ಹತ್ತಿರ ಬಂದರೆ ಮನೆಯವನಿಗೆ ಜಾತ್ರೆಯೂ ಇಲ್ಲ, ಬೀಗರ ಮದುವೆಯೂ ಇಲ್ಲ. ಹತ್ತು ಹದಿನಾಲ್ಕು ದಿನ ಮರಿಗಳು ಕಣ್ಣು ಬಿಡುವದಿಲ್ಲ. ಆ ದಿನಗಳಲ್ಲಿ ಚಳಿ ತಗಲಿದರೆ ಸತ್ತೇ ಹೋಗುವವು. ಬಾಣಂತಿ ನಾಯಿಗೆ ಹಾಲು, ತತ್ತಿ, ನುಚ್ಚು. ಮರಿಗಳಿಗೆ ಜಂತಿನ ಔಷಧ. ಆರೆಂಟು ವಾರಕ್ಕೆ ಚುಚ್ಚುಮದ್ದು. ಪಾರ್ವೋ ಜಾಡ್ಯ ಹೊಕ್ಕಿತೆಂದರೆ ಮೂರು ನಾಲ್ಕು ದಿನಗಳಲ್ಲಿ ಇಡೀ ಸೂಲು ಹೋಗಬಹುದು. ಇಷ್ಟಾದ ಮೇಲೆ ಕೊಳ್ಳುವವನು ಬಂದು, ‘ನಾಯಿಮರಿಗೆ ಇಷ್ಟು ಹಣವೇ?’ ಎಂದು ಕೊಸರಾಡುತ್ತಾನೆ! ಎತ್ತಿನ ಸುಳಿ ನೋಡಿ ಬಾಯಿ ಮುಚ್ಚಿಕೊಂಡು ಹಣ ಎಣಿಸುವ ನಮ್ಮವರು ಇಲ್ಲಿ ಮಾತ್ರ ಜಾಣರಾಗುವದು ನನಗೆ ವಿಚಿತ್ರವಾಗಿ ಕಾಣುತ್ತದೆ.

ನಮ್ಮ ಪಕ್ಕದ ಊರಿನಲ್ಲಿ ಇಂಥ ಒಬ್ಬರಿದ್ದಾರೆ. ಶಹರದ ಸಣ್ಣ ಮನೆಯಲ್ಲಿ ಹಗಲೆಲ್ಲ ಕಟ್ಟಿಹಾಕುವವರಿಗೆ ಅವರು ಎಷ್ಟು ಕೊಟ್ಟರೂ ಮರಿ ಕೊಡುವದಿಲ್ಲ. ಓಡುವ ಜಾತಿಯನ್ನು ಸರಪಣಿಯಲ್ಲಿಟ್ಟರೆ ಅದು ಸಿಡುಕಾಗುವದೆಂದು ಅವರ ಮಾತು. ಎರಡು ತಿಂಗಳು ತುಂಬದೆ ತಾಯಿಯಿಂದ ಮರಿ ಅಗಲಿಸುವದಿಲ್ಲ. ಅವರ ಹೆಂಡತಿ, ‘ನಮಗಿಂತ ನಾಯಿಗೇ ಉಪಚಾರ ಹೆಚ್ಚು’ ಎಂದು ಗೊಣಗುವದೂ ನ್ಯಾಯವೇ. ಬಾಣಂತಿ ನಾಯಿಗೆ ರಾತ್ರಿ ಎದ್ದು ಅಂಬಲಿ ಕಾಸುವವಳು ಆಕೆಯೇ ತಾನೆ!

ಇವರ ಎದುರು ನಿಂತವರು ಯಾರು? ಗ್ರೇಹೌಂಡ್ ಬೆರಕೆ ಮಾಡಿ, ‘ಅಸಲಿ ಮುಧೋಳ’ ಎಂದು ತಿಂಗಳ ಮರಿಗಳನ್ನು ಬುಟ್ಟಿಯಲ್ಲಿ ಮಾರುವ ದಲಾಲರು. ಅಗ್ಗಕ್ಕೆ ಮನಸೋತು ನಾವು ಅಲ್ಲಿಗೆ ಹೋದರೆ, ಎರಡು ಕೆಟ್ಟ ವರ್ಷಗಳಲ್ಲಿ ನಿಜವಾದ ಸಾಕಣೆದಾರ ಕೈಬಿಡುತ್ತಾನೆ. ಅವನೊಡನೆ ನಾಲ್ಕೈದು ತಲೆಮಾರಿನ ಆಯ್ಕೆಯೂ ಹೋಯಿತು. ಅದನ್ನು ಮರಳಿ ತರುವ ಉಪಾಯವಿಲ್ಲ.

ಗಡಿಯಾಚೆಯ ನಮಗೆ ಇನ್ನೊಂದು ತೊಡಕು. ಒಂದೇ ನಾಯಿ ಕೃಷ್ಣೆಯ ಸೀಮೆಯಲ್ಲಿ ಮುಧೋಳ, ಮಹಾರಾಷ್ಟ್ರದಲ್ಲಿ ಕಾರವಾನಿ. ನಾಯಿಗಳ ದಾಖಲೆ ಇಡುವ ದೊಡ್ಡ ಸಂಘಗಳಲ್ಲಿಯೂ ಒಂದರಲ್ಲಿ ಈ ಹೆಸರು, ಇನ್ನೊಂದರಲ್ಲಿ ಆ ಹೆಸರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಆದರೆ ಅದು ನೆರೆರಾಜ್ಯದ್ದು. ಎರಡೂ ಸರಕಾರಗಳು ಕೂಡಿ ಈ ತಳಿಗೆ ಒಂದೇ ದಾಖಲೆ ಇಡಲೆಂದು ನಾನು ಒತ್ತಾಯಿಸುತ್ತೇನೆ.

ಅಲ್ಲಿಯ ತನಕ ನಮ್ಮ ಕೈಯಲ್ಲಿರುವದನ್ನು ಮಾಡೋಣ. ನೂರು ಪುಟದ ಒಂದು ವಹಿ ಸಾಕು. ತಾಯಿ, ತಂದೆ, ಅಜ್ಜಿ, ಅಜ್ಜ, ಹುಟ್ಟಿದ ದಿನ, ಬಣ್ಣ, ಚುಚ್ಚುಮದ್ದಿನ ದಿನ, ಮರಿ ಯಾವ ಊರಿಗೆ ಹೋಯಿತು, ಇಷ್ಟನ್ನು ಬರೆದಿಡಬೇಕು. ಬರೆಯಲು ಬಾರದವರ ಮನೆಯಲ್ಲಿ ಶಾಲೆಗೆ ಹೋಗುವ ಮಗಳಾದರೂ ಇರುತ್ತಾಳೆ. ಕೊಳ್ಳಲು ಹೋದವರು ಮೊದಲು ಆ ವಹಿಯನ್ನೂ, ತಾಯಿನಾಯಿಯನ್ನೂ ತೋರಿಸೆಂದು ಕೇಳಲಿ. ದರದ ಮಾತು ಆಮೇಲೆ.