ಹುಲ್ಲು ಹೊದಿಸಿದರೆ ಗಣಿಯ ನೆಲ ಸರಿಹೋಗುತ್ತದೆಯೇ?

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತ ಓಡಾಡಿದವರಿಗೆ ಕೈಬಿಟ್ಟ ಕಲ್ಲುಗಣಿಗಳು ಹೊಸದಲ್ಲ. ಗುಂಡಿಯಲ್ಲಿ ಮಳೆನೀರು, ಅಂಚಿನಲ್ಲಿ ಒಡೆದ ಪರ್ಸಿಯ ರಾಶಿ. ಇವನ್ನೇನು ಮಾಡುವುದು ಎಂದರೆ ಸುಲಭಕ್ಕೆ ಹೊಳೆಯುವ ಉತ್ತರ: ಮಣ್ಣು ಹಾಕಿ, ಹಸಿರು ಬೆಳೆಸಿ, ರೆಸಾರ್ಟ್ ಕಟ್ಟಿ. ಹಾಗೆ ಮಾಡಿ ನೋಡಿದ ಊರೊಂದು ಅಮೆರಿಕದಲ್ಲಿದೆ.

ಮಿಶಿಗನ್ ಸರೋವರದ ದಂಡೆಯ ಬೇ ಹಾರ್ಬರ್‌ನಲ್ಲಿ ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ದಶಕಗಳ ಕಾಲ ನಡೆದು ಮುಚ್ಚಿದವು. 1990ರ ದಶಕದಲ್ಲಿ ಅದೇ ಜಾಗದಲ್ಲಿ ರೆಸಾರ್ಟ್ ಮತ್ತು 27 ಕುಳಿಗಳ ಗಾಲ್ಫ್ ಮೈದಾನ ಬಂತು. ವಿನ್ಯಾಸ ಆರ್ಥರ್ ಹಿಲ್ಸ್ ಅವರದು. 9 ಕುಳಿಗಳ ಒಂದು ಭಾಗದ ಹೆಸರೇ ‘ಕ್ವಾರಿ’. ಬಂಡೆಯ ಗೋಡೆ, ಕಂದರ, ಹೊಂಡಗಳನ್ನು ಮುಚ್ಚಿಹಾಕದೆ ಅವನ್ನೇ ಆಟದ ಅಡ್ಡಿಗಳಾಗಿ ಬಳಸಿದ್ದು ಜಾಣತನವೇ ಸರಿ. ಏರಿಳಿತದ ನೆಲದಲ್ಲಿ ಗಾಲ್ಫ್ ವಿನ್ಯಾಸದ ಲೆಕ್ಕವೇ ಬೇರೆ. ಚೆಂಡು ಹೊಡೆಯುವ ಜಾಗ ಎತ್ತರದಲ್ಲಿದ್ದರೆ ಗುರಿ ಕಾಣುತ್ತದೆ. ಬೀಳುವ ಜಾಗ ಸಾಕಷ್ಟು ಸಮತಟ್ಟಾಗಿರಬೇಕು, ಇಲ್ಲದಿದ್ದರೆ ಒಳ್ಳೆಯ ಹೊಡೆತವೂ ಇಳಿಜಾರಿಗೆ ಉರುಳಿ ವ್ಯರ್ಥ.

ತೊಂದರೆ ಇದ್ದದ್ದು ಹುಲ್ಲಿನ ಕೆಳಗೆ. ಸಿಮೆಂಟ್ ಗೂಡಿನಿಂದ ಹೊಗೆಯ ಜೊತೆ ಹಾರುವ ನುಣ್ಣನೆಯ ದೂಳನ್ನು ಹಳೆಯ ಕಾಲದಲ್ಲಿ ಅಲ್ಲೇ ರಾಶಿ ಹಾಕಿದ್ದರು. ಅದರಲ್ಲಿ ಸುಟ್ಟ ಸುಣ್ಣದ ಅಂಶವಿರುತ್ತದೆ. ನೀರು ತಾಗಿದರೆ ಏನಾಗುತ್ತದೆಂದು ಸುಣ್ಣ ಕದಡಿದ ಯಾರಿಗೂ ಗೊತ್ತು. ರಾಶಿಗಳನ್ನು ಮಣ್ಣಿನಿಂದ ಮುಚ್ಚಿ, ಮೇಲೆ ಗಾಲ್ಫ್ ಹುಲ್ಲು ಬೆಳೆಸಲಾಯಿತು. 2004ರಲ್ಲಿ, ಆ ರಾಶಿಗಳ ಮೂಲಕ ಹಾದ ನೀರು ಚರ್ಮ ಸುಡುವಷ್ಟು ಕ್ಷಾರೀಯವಾಗಿ ಸರೋವರಕ್ಕೆ ಜಿನುಗುತ್ತಿರುವುದು ಪತ್ತೆಯಾಯಿತು. ಪಾದರಸವೂ ಸಿಕ್ಕಿತು. ದಂಡೆಯ ಕೆಲವು ಭಾಗಗಳಿಗೆ ಜನ ಇಳಿಯದಂತೆ ಮಾಡಬೇಕಾಯಿತು. ಆ ನೀರನ್ನು ಹಿಡಿದು ಸಂಸ್ಕರಿಸುವ ಕೆಲಸ ವರ್ಷಾನುಗಟ್ಟಲೆ ನಡೆದಿದೆ.

ಗಾಲ್ಫ್ ಮೈದಾನಕ್ಕೆ ಈ ಪ್ರಶ್ನೆ ಹೆಚ್ಚು ಅನ್ವಯಿಸುತ್ತದೆ. ಕುಳಿಯ ಸುತ್ತಲಿನ ‘ಗ್ರೀನ್’ನಲ್ಲಿ ನೀರು ನಿಲ್ಲಬಾರದು. ಅದಕ್ಕಾಗಿ ಪ್ರಚಲಿತ ವಿಧಾನದಲ್ಲಿ ಸುಮಾರು 30 ಸೆಂ.ಮೀ. ಮರಳು ಮಿಶ್ರಣ, ಅದರಡಿ 10 ಸೆಂ.ಮೀ. ಜಲ್ಲಿ, ಅದರಡಿ ಕೊಳವೆ ಹಾಕುತ್ತಾರೆ. ಮೇಲೆ ನೀರು, ಗೊಬ್ಬರ, ಕೀಟನಾಶಕ ಬೀಳುತ್ತಲೇ ಇರುತ್ತವೆ. ಕೊಳವೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಲೇಬೇಕು. ನಮ್ಮ ಕಡೆಯ ಸುಣ್ಣಕಲ್ಲಿನಲ್ಲಿ ನೀರು ಬಿರುಕು ಹಿಡಿದು ಇಳಿಯುತ್ತದೆ, ಬಾವಿ ಬೋರ್‌ವೆಲ್‌ಗಳಿಗೆ ಸೇರುವುದೂ ಅದೇ ದಾರಿಯಲ್ಲಿ. ಮೇಲೆ ಹರಿದದ್ದು ಕಾಗಿಣಾ ಸೇರಿ ಭೀಮೆಗೆ.

ಇಲ್ಲಿನ ಗಣಿಗಳಲ್ಲೆಲ್ಲ ಅಂಥ ದೂಳು ತುಂಬಿದೆ ಎಂದು ನಾವು ಹೇಳುತ್ತಿಲ್ಲ. ಬರೀ ಪರ್ಸಿ ಎಬ್ಬಿಸಿದ ಗುಂಡಿಯೇ ಬೇರೆ, ಕಾರ್ಖಾನೆಯ ಕಸ ಸುರಿದ ಗುಂಡಿಯೇ ಬೇರೆ. ಈಗಿನ ಕಾರ್ಖಾನೆಗಳು ದೂಳನ್ನು ಹಿಡಿದು ಬಹುಪಾಲು ಗೂಡಿಗೇ ಮರಳಿಸುತ್ತವೆ. ಆದರೆ ಯಾವ ಗುಂಡಿ ಯಾವುದು ಎಂಬುದು ಹುಲ್ಲು ಬೆಳೆದ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಮಣ್ಣು ಹೊದಿಸುವ ಮುನ್ನವೇ ಕೊರೆದು ನೋಡಬೇಕು, ಸುತ್ತಲಿನ ಬಾವಿಗಳ ನೀರಿನ ಪಿಎಚ್ ಅಳೆದು ಬರೆದಿಡಬೇಕು.

ಚಿಂಚೋಳಿಯ ಗುಡ್ಡಗಳ ಮಾತು ಬೇರೆ. ಅಲ್ಲಿ ವನ್ಯಜೀವಿಧಾಮವಿದೆ, ಕುರುಚಲು ಕಾಡು ತಾನಾಗಿಯೇ ನಿಂತಿದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ಕಾಣುವ ಆ ಕಾಡಿಗೆ ಯಾರೂ ನೀರು ಹಾಕಬೇಕಿಲ್ಲ.